ಮೀಟರ್ ಎಲ್ಲಿಟ್ಟು ಅಳೆದಿರಿ? ಎಐ ಕಂಪನಿಗಳಿಗೆ ನಾವು ಕೇಳಬೇಕಾದ ಪ್ರಶ್ನೆ ಸೂಪರ್‌ಕಂಪ್ಯೂಟರ್ ಲೋಕದಲ್ಲಿದೆ

ಬೈಕ್ ಕಂಪನಿ ಹೇಳುವ ಮೈಲೇಜನ್ನು ನಮ್ಮಲ್ಲಿ ಯಾರೂ ಪೂರ್ತಿ ನಂಬೋದಿಲ್ಲ. ಲೀಟರಿಗೆ ಇಷ್ಟು ಅಂತ ಜಾಹೀರಾತಿನಲ್ಲಿದ್ದರೂ ಆ ಬೈಕ್ ಇಟ್ಟುಕೊಂಡವರನ್ನು ಹುಡುಕಿ ಕೇಳ್ತೀವಿ. ಸಿಟೀಲಿ ಎಷ್ಟು ಕೊಡುತ್ತೆ? ಹಿಂದೆ ಒಬ್ಬರು ಕೂತರೆ? ಸಿಲ್ಕ್ ಬೋರ್ಡ್ ಸಿಗ್ನಲ್ಲಲ್ಲಿ ನಿಂತು ನಿಂತು ಹೋದರೆ? ಸಂಖ್ಯೆಗಿಂತ ಮೊದಲು ಅದು ಹೇಗೆ ಬಂತು ಅನ್ನೋದು ಮುಖ್ಯ ಎಂದು ನಮಗೆ ಯಾರೂ ಪಾಠ ಮಾಡಬೇಕಾಗಿಲ್ಲ.

ಆದರೆ 2025ರ ಜೂನ್‌ನಲ್ಲಿ ಓಪನ್‌ಎಐ ಮುಖ್ಯಸ್ಥ ಸ್ಯಾಮ್ ಆಲ್ಟ್‌ಮನ್, ಚಾಟ್‌ಜಿಪಿಟಿಗೆ ಕೇಳುವ ಒಂದು ಪ್ರಶ್ನೆಗೆ ಸರಾಸರಿ 0.34 ವ್ಯಾಟ್-ಅವರ್ ವಿದ್ಯುತ್ ಖರ್ಚಾಗುತ್ತದೆ ಎಂದು ಬರೆದಾಗ ಆ ಸಂಖ್ಯೆ ಇಡೀ ಜಗತ್ತು ಸುತ್ತಿತು. ನಮ್ಮ ಕರೆಂಟ್ ಬಿಲ್ಲಿನ ಒಂದು ಯೂನಿಟ್‌ಗೆ ಸುಮಾರು 2,900 ಪ್ರಶ್ನೆ. ಅಯ್ಯೋ, ಇಷ್ಟೇನಾ ಅಂತ ತುಂಬಾ ಜನ ನಿರಾಳರಾದರು. ಆ ಬರಹದಲ್ಲಿ ಇದನ್ನು ಅಳೆದದ್ದು ಹೇಗೆ ಎಂಬ ವಿವರ ಇರಲಿಲ್ಲ.

ನಾನು ಎಂಜಿನಿಯರಿಂಗ್ ಓದಿ ಪತ್ರಿಕೋದ್ಯಮಕ್ಕೆ ಬಂದವನು. ಓದಿದ್ದರಲ್ಲಿ ಅರ್ಧ ಮರೆತುಹೋಗಿದೆ. ಉಳಿದುಕೊಂಡದ್ದರಲ್ಲಿ ಒಂದು ಅಭ್ಯಾಸ ಇದೆ: ಯಾರಾದರೂ ಒಂದು ರೀಡಿಂಗ್ ಹೇಳಿದರೆ, ಮೀಟರನ್ನು ಸರ್ಕ್ಯೂಟಿನ ಯಾವ ಜಾಗದಲ್ಲಿ ಹಾಕಿದ್ದರು ಅಂತ ಕೇಳೋದು. ಸೂಪರ್‌ಕಂಪ್ಯೂಟರ್ ಕಟ್ಟುವವರು ಇದೇ ಪ್ರಶ್ನೆಯ ಜೊತೆ ಹದಿನೈದು ವರ್ಷಕ್ಕೂ ಹೆಚ್ಚು ಕಾಲದಿಂದ ಗುದ್ದಾಡುತ್ತಿದ್ದಾರೆ. ಅವರು ಕಲಿತದ್ದು ಇವತ್ತು ಎಐ ಮತ್ತು ಡೇಟಾ ಸೆಂಟರ್ ಬಗ್ಗೆ ಮಾತಾಡುವ ನಮಗೆಲ್ಲ ಬೇಕು.

ವೇಗದ ಪಟ್ಟಿ, ಮೈಲೇಜಿನ ಪಟ್ಟಿ

ಜಗತ್ತಿನ 500 ಅತಿ ವೇಗದ ಕಂಪ್ಯೂಟರ್‌ಗಳ 'ಟಾಪ್500' ಪಟ್ಟಿ 1993ರಿಂದ ವರ್ಷಕ್ಕೆರಡು ಬಾರಿ ಬರುತ್ತಿದೆ. ಪರೀಕ್ಷೆಯ ಹೆಸರು ಲಿನ್‌ಪ್ಯಾಕ್. ದೊಡ್ಡದೊಂದು ಸಮೀಕರಣಗಳ ಗುಂಪನ್ನು ಬಿಡಿಸಲು ಕೊಡುತ್ತಾರೆ. ಎಷ್ಟು ಲೆಕ್ಕ ಮಾಡಬೇಕು ಎಂಬುದು ಮೊದಲೇ ಗೊತ್ತಿರುತ್ತದೆ. ಅದನ್ನು ತೆಗೆದುಕೊಂಡ ಸಮಯದಿಂದ ಭಾಗಿಸಿದರೆ ವೇಗ ಸಿಗುತ್ತದೆ. ಸೆಕೆಂಡಿಗೆ ಎಷ್ಟು ದಶಮಾಂಶ ಲೆಕ್ಕ ಎಂಬುದೇ 'ಫ್ಲಾಪ್ಸ್'. ಗಿಗಾ ಅಂದರೆ ನೂರು ಕೋಟಿ, ಪೆಟಾ ಅಂದರೆ ಒಂದರ ಮುಂದೆ 15 ಸೊನ್ನೆ, ಎಕ್ಸಾ ಅಂದರೆ 18 ಸೊನ್ನೆ.

ಈ ಓಟದಲ್ಲಿ ಯಾರೂ ಕರೆಂಟ್ ಲೆಕ್ಕ ಕೇಳುತ್ತಿರಲಿಲ್ಲ. ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದಲ್ಲಿ 2002ರಲ್ಲಿ ವು-ಚುನ್ ಫೆಂಗ್ ಮತ್ತು ತಂಡ 'ಗ್ರೀನ್ ಡೆಸ್ಟಿನಿ' ಎಂಬ 240 ಪ್ರೊಸೆಸರ್‌ಗಳ ಯಂತ್ರ ಕಟ್ಟಿತು. ವಿಶೇಷ ಎಸಿ ವ್ಯವಸ್ಥೆ ಇಲ್ಲದ, ಧೂಳು ತುಂಬಿದ ಗೋದಾಮಿನಲ್ಲಿ ಅದು ಓಡಿತು. ಬೇಕಾದದ್ದು ಸುಮಾರು 3.2 ಕಿಲೋವ್ಯಾಟ್, ಅಂದರೆ ನಮ್ಮ ಮನೆಯ ಒಂದೂವರೆ ಗೀಸರ್‌ನಷ್ಟು. ವೇಗಕ್ಕೆ ಬಹುಮಾನ ಬರದ ಯಂತ್ರ ಅದು, ಆದರೆ ವಾದವೊಂದನ್ನು ಹುಟ್ಟುಹಾಕಿತು. ವರ್ಜೀನಿಯಾ ಟೆಕ್‌ನಲ್ಲಿ ಫೆಂಗ್ ಮತ್ತು ಕರ್ಕ್ ಕ್ಯಾಮರನ್ 2007ರ ನವೆಂಬರ್‌ನಲ್ಲಿ 'ಗ್ರೀನ್500' ಶುರುಮಾಡಿದರು. ಇಲ್ಲಿನ ಅಳತೆ ಒಂದು ವ್ಯಾಟ್‌ಗೆ ಎಷ್ಟು ಫ್ಲಾಪ್ಸ್ ಎಂಬುದು. ಬೈಕ್ ಭಾಷೆಯಲ್ಲಿ ಹೇಳೋದಾದ್ರೆ ಮೈಲೇಜು.

ಮೊದಲ ಪಟ್ಟಿಯ ವಿಜೇತ ಇಂಗ್ಲೆಂಡಿನ ಡೇರ್ಸ್‌ಬರಿ ಪ್ರಯೋಗಾಲಯದ ಬ್ಲೂ ಜೀನ್ ಯಂತ್ರ. ವ್ಯಾಟ್‌ಗೆ 0.357 ಗಿಗಾಫ್ಲಾಪ್ಸ್. ಇದರ ಅರ್ಥ ತಿಳಿಯಲು ನಮ್ಮದೇ ಒಂದು ಹೋಲಿಕೆ ನೋಡಿ. ಅದೇ ಮೈಲೇಜಿನಲ್ಲಿ ಒಂದು ಎಕ್ಸಾಫ್ಲಾಪ್ ಯಂತ್ರ ಓಡಿಸಬೇಕಿದ್ದರೆ ಸುಮಾರು 2,800 ಮೆಗಾವ್ಯಾಟ್ ಬೇಕಿತ್ತು. ರಾಯಚೂರು ಶಾಖೋತ್ಪನ್ನ ಕೇಂದ್ರದ ಎಂಟೂ ಘಟಕಗಳ ಒಟ್ಟು ಸಾಮರ್ಥ್ಯ 1,720 ಮೆಗಾವ್ಯಾಟ್. ಅಂದರೆ ಶಕ್ತಿನಗರದ ಎಲ್ಲ ಕಲ್ಲಿದ್ದಲು ಸುಟ್ಟರೂ ಒಂದು ಕಂಪ್ಯೂಟರಿಗೆ ಸಾಲುತ್ತಿರಲಿಲ್ಲ!

ಹಾಗಾಗಿ ಅಮೆರಿಕ ಒಂದು ಎಕ್ಸಾಫ್ಲಾಪ್‌ಗೆ 20 ಮೆಗಾವ್ಯಾಟ್ ಎಂಬ ಗುರಿ ಇಟ್ಟುಕೊಂಡಿತು. ಅಂದರೆ ವ್ಯಾಟ್‌ಗೆ 50 ಗಿಗಾಫ್ಲಾಪ್ಸ್. ಓಕ್ ರಿಡ್ಜ್ ಪ್ರಯೋಗಾಲಯದ 'ಫ್ರಾಂಟಿಯರ್' 2022ರಲ್ಲಿ 1.102 ಎಕ್ಸಾಫ್ಲಾಪ್ಸ್ ಅನ್ನು 21.1 ಮೆಗಾವ್ಯಾಟ್‌ನಲ್ಲಿ ಮುಟ್ಟಿತು, ಮೈಲೇಜು 52.23. ದೊಡ್ಡ ಸಾಧನೆಯೇ ಸರಿ. ಈಗ ನಮ್ಮ ಹಳೆಯ ಪ್ರಶ್ನೆ. ಈ 21.1 ಅಳೆದದ್ದು ಹೇಗೆ?

ಅಳೆಯೋದರಲ್ಲಿ ಏನು ಕಷ್ಟ?

ಮನೆಗೆ ಒಂದೇ ಮೀಟರ್. ಸೂಪರ್‌ಕಂಪ್ಯೂಟರ್ ಹಾಗಲ್ಲ. ನೂರಾರು ರ‍್ಯಾಕ್, ಒಂದೊಂದರಲ್ಲೂ ಹತ್ತಾರು 'ನೋಡ್', ಅಂದರೆ ತನ್ನಷ್ಟಕ್ಕೆ ತಾನೇ ಪೂರ್ಣವಾದ ಕಂಪ್ಯೂಟರ್. ಅವನ್ನೆಲ್ಲ ಬೆಸೆಯುವ ನೆಟ್‌ವರ್ಕ್, ಡೇಟಾ ಇಡುವ ಸ್ಟೋರೇಜ್, ಕರೆಂಟನ್ನು ಎಸಿಯಿಂದ ಡಿಸಿಗೆ ಬದಲಿಸುವ ಪವರ್ ಸಪ್ಲೈ, ಬಿಸಿ ಹೊರಹಾಕುವ ಪಂಪು, ಫ್ಯಾನು. ಅನೇಕ ಕಟ್ಟಡಗಳಲ್ಲಿ ಈ ಯಂತ್ರಕ್ಕೆ ಅಂತಲೇ ಪ್ರತ್ಯೇಕ ಮೀಟರ್ ಇರೋದಿಲ್ಲ. ಹಾಗಾಗಿ ಹಿಂದೆ ಕೆಲವು ನೋಡ್ ಅಳೆದು, ಗುಣಿಸಿ, ಇಡೀ ಯಂತ್ರದ್ದು ಇಷ್ಟು ಎನ್ನುತ್ತಿದ್ದರು. ಆರಂಭದ ನಿಯಮದಲ್ಲಿ ಯಂತ್ರದ 64ನೇ ಒಂದು ಭಾಗವನ್ನು, ಓಟದ ಒಂದು ತುಣುಕಿನಲ್ಲಿ ಅಳೆದರೂ ಸಾಕಿತ್ತು.

ಅನ್ನ ಬೆಂದಿದೆಯಾ ಅಂತ ಒಂದು ಅಗುಳು ಹಿಸುಕಿ ನೋಡ್ತೀವಲ್ಲ, ಇದೂ ಹಾಗೇ ಅನ್ನಿಸಬಹುದು. ಆದರೆ ಇಲ್ಲಿ ಎರಡು ತೊಡಕಿವೆ.

ಒಂದು, ಯಾವ ಅಗುಳು? ಒಂದೇ ಕಾರ್ಖಾನೆ, ಒಂದೇ ಮಾಡೆಲ್, ಒಂದೇ ಬೆಲೆಯ ಎರಡು ಚಿಪ್‌ಗಳು ಒಂದೇ ಕೆಲಸಕ್ಕೆ ಒಂದೇ ಪ್ರಮಾಣದ ಕರೆಂಟ್ ತಿನ್ನುವುದಿಲ್ಲ. ಸಿಲಿಕಾನ್ ತಯಾರಿಕೆಯಲ್ಲಿನ ಸೂಕ್ಷ್ಮ ವ್ಯತ್ಯಾಸಗಳಿಂದ ಕೆಲವು ಹೆಚ್ಚು ಸೋರುತ್ತವೆ, ಕೆಲವು ಕಡಿಮೆ. ಒಳ್ಳೆಯ ಚಿಪ್ ಇರುವ ನೋಡ್‌ಗಳನ್ನು ಆರಿಸಿ ಅಳೆದರೆ ಇಡೀ ಯಂತ್ರ ಮಿತವ್ಯಯಿಯಾಗಿ ಕಾಣುತ್ತದೆ.

ಎರಡು, ಯಾವ ಹೊತ್ತು? ಲಿನ್‌ಪ್ಯಾಕ್ ಲೆಕ್ಕ ಮುಂದೆ ಹೋದಂತೆ ಬಿಡಿಸಬೇಕಾದ ಭಾಗ ಚಿಕ್ಕದಾಗುತ್ತಾ ಬರುತ್ತದೆ. ಕೊನೆಕೊನೆಗೆ ಜಿಪಿಯುಗಳಿಗೆ ಕೈತುಂಬ ಕೆಲಸ ಇರೋದಿಲ್ಲ, ವಿದ್ಯುತ್ ಬಳಕೆ ಇಳಿಯುತ್ತದೆ. ಈ ಇಳಿಜಾರಿನಲ್ಲಿ ವ್ಯಾಟ್ ಅಳೆದು, ವೇಗ ಮಾತ್ರ ಇಡೀ ಓಟದ ಸರಾಸರಿ ತೆಗೆದುಕೊಂಡರೆ? ನಂದಿಬೆಟ್ಟದಿಂದ ಇಳಿಯುವಾಗ ಮೈಲೇಜು ನೋಡಿದ ಹಾಗೆ. ನಿಯಮ ಮುರಿದಿಲ್ಲ, ಸುಳ್ಳೂ ಹೇಳಿಲ್ಲ. ಆದರೂ ಸಂಖ್ಯೆ ನಿಜವಲ್ಲ.

ಇದು ಊಹೆಯ ಮಾತಲ್ಲ. 2015ರಲ್ಲಿ ಸಂಶೋಧಕರ ತಂಡವೊಂದು ಎಂಟು ಸೂಪರ್‌ಕಂಪ್ಯೂಟರ್ ಕೇಂದ್ರಗಳ ದತ್ತಾಂಶ ಇಟ್ಟುಕೊಂಡು ಲೆಕ್ಕ ಹಾಕಿತು. ಆಗಿನ ನಿಯಮದೊಳಗೇ ಇದ್ದುಕೊಂಡು, ಅಳೆಯುವ ಹೊತ್ತನ್ನು ಬದಲಿಸಿದರೆ ಶೇ. 20ರವರೆಗೆ, ತೀರಾ ಕಡಿಮೆ ನೋಡ್ ಅಳೆದರೆ ಮತ್ತೆ ಶೇ. 10ರಿಂದ 15ರಷ್ಟು ವ್ಯತ್ಯಾಸ ಬರಬಹುದು ಎಂದು ಅದು ತೋರಿಸಿತು. ಈ ತಂಡದಲ್ಲಿ ಗ್ರೀನ್500 ನಡೆಸುವವರೂ ಇದ್ದರು. ತಮ್ಮ ಪಟ್ಟಿಯ ತೂತನ್ನು ತಾವೇ ಅಳೆದು ಪ್ರಕಟಿಸಿದರು. ನಂತರ ನಿಯಮ ಬಿಗಿಯಾಯಿತು.

ಈಗಿರುವುದು ಮೂರು ಹಂತದ ವ್ಯವಸ್ಥೆ. ಮೊದಲ ಹಂತದಲ್ಲೂ ಮುಖ್ಯ ಲೆಕ್ಕ ನಡೆಯುವ ಪೂರ್ತಿ ಅವಧಿಯನ್ನು ಅಳೆಯಬೇಕು, ಕನಿಷ್ಠ ಹತ್ತನೇ ಒಂದು ಭಾಗ ಯಂತ್ರವನ್ನಾದರೂ ಅಳೆಯಬೇಕು. ಮೂರನೇ ಹಂತದಲ್ಲಿ ಇಡೀ ಯಂತ್ರ, ಅಂದಾಜಿಗೆ ಜಾಗವೇ ಇಲ್ಲ. ಯಾವ ಸಂಖ್ಯೆಯ ಹಿಂದೆ ಎಷ್ಟು ಗಟ್ಟಿಯಾದ ಅಳತೆ ಇದೆ ಅಂತ ಓದುವವನಿಗೆ ತಿಳಿಯಬೇಕು ಎಂಬುದು ಇದರ ತಿರುಳು.

ಚಿಪ್ ತನ್ನ ಬಗ್ಗೆ ತಾನೇ ಹೇಳಿದರೆ?

ಯಾಕ್ರೀ ಇಷ್ಟೆಲ್ಲ, ಈಗಿನ ಪ್ರೊಸೆಸರ್‌ನಲ್ಲಿ ವಿದ್ಯುತ್ ಸೆನ್ಸರ್ ಇರುತ್ತಲ್ಲ, ಒಂದು ಕಮಾಂಡ್ ಹೊಡೆದರೆ ವ್ಯಾಟ್ ಬರುತ್ತಲ್ಲ ಅಂತ ಸಾಫ್ಟ್‌ವೇರ್‌ನಲ್ಲಿರುವ ಗೆಳೆಯರು ಕೇಳುತ್ತಾರೆ. ಬರುತ್ತೆ ನಿಜ. ಆದರೆ ಆಕ್ಸ್‌ಫರ್ಡ್‌ನ ಸಂಶೋಧಕರು ಎನ್‌ವಿಡಿಯಾ ಜಿಪಿಯುಗಳ ಈ ಸೆನ್ಸರ್‌ಗಳನ್ನು ಹೊರಗಿನ ಮೀಟರ್ ಜೊತೆ ಹೋಲಿಸಿದಾಗ ಒಂದು ವಿಷಯ ಕಂಡುಕೊಂಡರು. ಎ100 ಮತ್ತು ಎಚ್100 ಮಾದರಿಗಳಲ್ಲಿ ಸೆನ್ಸರ್ ಓಟದ ಶೇ. 25ರಷ್ಟು ಸಮಯವನ್ನು ಮಾತ್ರ ನೋಡುತ್ತದೆ. ಉಳಿದ ಮುಕ್ಕಾಲು ಹೊತ್ತು ಏನಾಯಿತೋ ಅದಕ್ಕೆ ಗೊತ್ತಿಲ್ಲ. ಇಂದಿನ ಎಐ ಲೋಕ ಬಹುಪಾಲು ನಿಂತಿರುವುದು ಇದೇ ಚಿಪ್‌ಗಳ ಮೇಲೆ. ಜೊತೆಗೆ ಈ ಸೆನ್ಸರ್‌ಗೆ ಕಾಣುವುದು ಜಿಪಿಯು ಮಾತ್ರ. ಪವರ್ ಸಪ್ಲೈನಲ್ಲಿ ಬಿಸಿಯಾಗಿ ಹೋದದ್ದು, ಫ್ಯಾನ್ ತಿಂದದ್ದು ಅದರ ಲೆಕ್ಕಕ್ಕೆ ಬರಲ್ಲ. ಗೋಡೆಯ ಹತ್ತಿರ ಮೀಟರ್ ಇಡಬೇಕು ಅನ್ನೋದು ಅದಕ್ಕೇ.

ಇನ್ನೊಂದು ಸೂಕ್ಷ್ಮ, ಇದು ನ್ಯಾಯವಾದದ್ದೇ. ಚಿಪ್ ಒಳಗಿನ ವಿದ್ಯುತ್ ಬಳಕೆ ಹೆಚ್ಚುಕಡಿಮೆ ವೋಲ್ಟೇಜಿನ ವರ್ಗ ಗುಣಿಸು ಆವರ್ತನ. ಎರಡನ್ನೂ ಶೇ. 10ರಷ್ಟು ಇಳಿಸಿದರೆ ವೇಗ ಶೇ. 10 ಕಡಿಮೆಯಾಗುತ್ತದೆ, ಬಳಕೆ ಮಾತ್ರ ಸುಮಾರು ಶೇ. 27 ಇಳಿಯುತ್ತದೆ. 40ರಲ್ಲಿ ಹೋದರೆ ಬೈಕ್ ಒಳ್ಳೆ ಮೈಲೇಜ್ ಕೊಡುತ್ತಲ್ಲ, ಹಾಗೆ. ಗ್ರೀನ್500ಗೆ ಹೀಗೆ ಮೈಲೇಜಿಗಾಗಿಯೇ ಪ್ರತ್ಯೇಕ ಓಟ ಓಡಿಸಿ ಕಳಿಸಬಹುದು. 2024ರ ಮೇ ಪಟ್ಟಿಯಲ್ಲಿ ಮೊದಲ ಸ್ಥಾನ ಪಡೆದ ಜರ್ಮನಿಯ ಯೂಲಿಷ್ ಕೇಂದ್ರದ 'ಜೆಡಿ' ನೋಡಿ. ವೇಗ 4.5 ಪೆಟಾಫ್ಲಾಪ್ಸ್, ವಿದ್ಯುತ್ 67 ಕಿಲೋವ್ಯಾಟ್, ಮೈಲೇಜು 72.73 ಎಂದಿದೆ. ಭಾಗಿಸಿ ನೋಡಿದರೆ 67 ಚಿಲ್ಲರೆ ಬರುತ್ತದೆ, 72 ಅಲ್ಲ. ವೇಗದ ಓಟ ಬೇರೆ, ಮೈಲೇಜಿನ ಓಟ ಬೇರೆ. ನಿಯಮವೇ ಬಿಟ್ಟಿರುವ ಅವಕಾಶ ಅದು. ಆದರೆ ಎರಡೂ ಒಟ್ಟಿಗೆ ಸಿಗುತ್ತವೆ ಅಂದುಕೊಂಡರೆ ತಪ್ಪು ನಮ್ಮದು.

ಗೋಡೆಯಾಚೆಗೆ ಉಳಿದದ್ದು

ಇಷ್ಟು ಬಿಗಿ ಮಾಡಿದ ಮೇಲೂ ಗ್ರೀನ್500 ಹೇಳದ ಸಂಗತಿಗಳಿವೆ. ಕಟ್ಟಡದ ಚಿಲ್ಲರ್, ಕೂಲಿಂಗ್ ಟವರ್ ಅದರ ಲೆಕ್ಕದಲ್ಲಿಲ್ಲ. ಅದಕ್ಕೆ 'ಪಿಯುಇ' ಎಂಬ ಬೇರೆ ಅಳತೆ ಇದೆ. ಇಡೀ ಕೇಂದ್ರಕ್ಕೆ ಬಂದ ವಿದ್ಯುತ್ತನ್ನು ಕಂಪ್ಯೂಟರ್‌ಗಳಿಗೆ ಸೇರಿದ ವಿದ್ಯುತ್ತಿನಿಂದ ಭಾಗಿಸೋದು. 1.5 ಅಂದರೆ ಕಂಪ್ಯೂಟರಿಗೆ ಹೋದ ಪ್ರತಿ ಯೂನಿಟ್‌ಗೆ ಅರ್ಧ ಯೂನಿಟ್ ಮೇಲುಖರ್ಚು. ಇದರಲ್ಲೂ ಚೋದ್ಯ ಇದೆ. ಸರ್ವರ್ ಒಳಗಿನ ಫ್ಯಾನು 'ಕಂಪ್ಯೂಟರ್' ಲೆಕ್ಕಕ್ಕೆ ಸೇರುತ್ತದೆ. ಫ್ಯಾನ್ ಕಿತ್ತುಹಾಕಿ ಹೊರಗಿನ ಪಂಪಿನಿಂದ ತಂಪು ಮಾಡಿದರೆ ಒಟ್ಟು ವಿದ್ಯುತ್ ಉಳಿದರೂ ಪಿಯುಇ ಕೆಟ್ಟದಾಗಿ ಕಾಣಬಹುದು.

ಕರೆಂಟ್ ಎಲ್ಲಿಂದ ಬಂತು ಎಂಬುದೂ ಇಲ್ಲಿಲ್ಲ. ಫಿನ್‌ಲೆಂಡಿನ ಕಯಾನಿಯಲ್ಲಿರುವ 'ಲೂಮಿ' ಜಲವಿದ್ಯುತ್ತಿನಲ್ಲಿ ಓಡುತ್ತದೆ, ಅದರ ಬಿಸಿ ಊರಿನ ಮನೆಗಳನ್ನು ಬೆಚ್ಚಗಿಡಲು ಹೋಗುತ್ತದೆ. ಅದೇ ಯಂತ್ರವನ್ನು ಕಲ್ಲಿದ್ದಲಿನ ಗ್ರಿಡ್‌ಗೆ ಸಿಕ್ಕಿಸಿದರೂ ಪಟ್ಟಿಯಲ್ಲಿ ಅದರ ಸ್ಥಾನ ಅಷ್ಟೇ ಇರುತ್ತದೆ.

ಯಂತ್ರ ನಿಜವಾಗಿ ಮಾಡುವ ಕೆಲಸವೂ ಲಿನ್‌ಪ್ಯಾಕ್ ಅಲ್ಲ. ಹವಾಮಾನ ಮುನ್ಸೂಚನೆಯಂಥ ಕೆಲಸಕ್ಕೆ ಹತ್ತಿರವಾದ 'ಎಚ್‌ಪಿಸಿಜಿ' ಪರೀಕ್ಷೆಯಲ್ಲಿ ಫ್ರಾಂಟಿಯರ್ ಮುಟ್ಟಿದ್ದು ಸುಮಾರು 14 ಪೆಟಾಫ್ಲಾಪ್ಸ್. ಅದರ ಲಿನ್‌ಪ್ಯಾಕ್ ವೇಗದ ನೂರರಲ್ಲಿ ಒಂದು ಪಾಲಿಗಿಂತ ಚೂರು ಜಾಸ್ತಿ. ಬಹಳಷ್ಟು ವಿದ್ಯುತ್ ಲೆಕ್ಕ ಮಾಡಲಿಕ್ಕಲ್ಲ, ಮೆಮೊರಿಯಿಂದ ದತ್ತಾಂಶ ಹೊತ್ತು ತರಲಿಕ್ಕೇ ಹೋಗುತ್ತದೆ.

ಎಲ್ಲಕ್ಕಿಂತ ಮುಖ್ಯ, ಮೈಲೇಜು ಹೆಚ್ಚಾದರೆ ಪೆಟ್ರೋಲ್ ಖರ್ಚು ಕಡಿಮೆಯಾಗಲೇಬೇಕು ಅಂತೇನಿಲ್ಲ. 2007ರ ಕೊನೆಯಲ್ಲಿ ಜಗತ್ತಿನ ಅತಿ ವೇಗದ ಯಂತ್ರ ಸುಮಾರು 2.3 ಮೆಗಾವ್ಯಾಟ್ ಬಳಸುತ್ತಿತ್ತು. 2024ರ ನವೆಂಬರ್‌ನಲ್ಲಿ ಆ ಸ್ಥಾನಕ್ಕೆ ಬಂದ 'ಎಲ್ ಕ್ಯಾಪಿಟನ್' ಬಳಸುವುದು 29.6 ಮೆಗಾವ್ಯಾಟ್. ಪಟ್ಟಿಯ ಮೊದಲ ಸ್ಥಾನದ ಮೈಲೇಜು ಇನ್ನೂರು ಪಟ್ಟು ಏರಿತು, ಅತಿ ದೊಡ್ಡ ಯಂತ್ರದ ಹಸಿವೂ ಹದಿಮೂರು ಪಟ್ಟು ಏರಿತು. ಎಲ್ ಕ್ಯಾಪಿಟನ್‌ನ ಮುಖ್ಯ ಕೆಲಸ ಅಮೆರಿಕದ ಅಣ್ವಸ್ತ್ರ ದಾಸ್ತಾನಿನ ನಿರ್ವಹಣೆಗೆ ಬೇಕಾದ ಲೆಕ್ಕಗಳು. ಅಣುಬಾಂಬಿನ ಲೆಕ್ಕವನ್ನೂ ಮಿತವ್ಯಯದಲ್ಲಿ ಮಾಡಬಹುದು. 'ದಕ್ಷತೆ' ಎಂಬ ಮಾತು ಯಾಕೆ, ಯಾರಿಗಾಗಿ ಎಂಬ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ.

ಈಗ ಎಐ ಕಡೆ ಬರೋಣ

ಗೂಗಲ್ 2025ರ ಆಗಸ್ಟ್‌ನಲ್ಲಿ ಜೆಮಿನೈಗೆ ಕೇಳುವ ಸಾಧಾರಣ ಪಠ್ಯ ಪ್ರಶ್ನೆಯೊಂದಕ್ಕೆ 0.24 ವ್ಯಾಟ್-ಅವರ್ ಎಂದು ಹೇಳಿತು, ಜೊತೆಗೆ ಅಳೆದ ವಿಧಾನವನ್ನೂ ಪ್ರಕಟಿಸಿತು. ಆ ವರದಿಯಲ್ಲಿ ನನಗೆ ಅತ್ಯಂತ ಉಪಯುಕ್ತ ಅನಿಸಿದ್ದು ಇನ್ನೊಂದು ಸಂಖ್ಯೆ. ಕೆಲಸದಲ್ಲಿರುವ ಎಐ ಚಿಪ್ ಮಾತ್ರ ಲೆಕ್ಕ ಹಿಡಿದರೆ ಬರುವುದು 0.10. ಸಿಪಿಯು, ಮೆಮೊರಿ, ಗ್ರಾಹಕರು ಬರಲಿ ಅಂತ ಖಾಲಿ ಕಾಯುತ್ತಿರುವ ಯಂತ್ರಗಳು, ಕಟ್ಟಡದ ಮೇಲುಖರ್ಚು ಎಲ್ಲ ಸೇರಿಸಿದರೆ 0.24. ಅದೇ ಕಂಪನಿ, ಅದೇ ಪ್ರಶ್ನೆ, ಗೆರೆ ಎಳೆದ ಜಾಗ ಬೇರೆ. ಸಂಖ್ಯೆ ಎರಡು ಪಟ್ಟಿಗಿಂತ ಜಾಸ್ತಿ ಆಯಿತು. ಅದರಲ್ಲೂ ಮಾದರಿಯನ್ನು ತರಬೇತಿ ಮಾಡಲು ಸುಟ್ಟ ವಿದ್ಯುತ್ ಸೇರಿಲ್ಲ, ಚಿತ್ರ ಮತ್ತು ವಿಡಿಯೋ ತಯಾರಿಕೆ ಸೇರಿಲ್ಲ. ಹಾಗಾದರೆ ಆಲ್ಟ್‌ಮನ್ ಅವರ 0.34 ಗೆರೆಯ ಯಾವ ಬದಿಯದು? ವಿಧಾನ ಹೇಳದೆ ಕೊಟ್ಟ ಸಂಖ್ಯೆಯನ್ನು ಇನ್ನೊಂದರ ಪಕ್ಕ ಇಟ್ಟು ತೂಗಲು ಬರೋದಿಲ್ಲ.

ಸರ್ಕಾರಿ ದುಡ್ಡಿನ ಪ್ರಯೋಗಾಲಯಗಳು ತಮ್ಮ ವ್ಯಾಟ್ ಹೇಳುತ್ತವೆ. ಖಾಸಗಿ ಯಂತ್ರಗಳ ಕಥೆ ಬೇರೆ. 2023ರ ನವೆಂಬರ್‌ನಲ್ಲಿ ಮೈಕ್ರೋಸಾಫ್ಟ್‌ನ 'ಈಗಲ್' ಟಾಪ್500ರಲ್ಲಿ ಮೂರನೇ ಸ್ಥಾನಕ್ಕೆ ಬಂತು. ವೇಗದ ಕಾಲಂನಲ್ಲಿ 561 ಪೆಟಾಫ್ಲಾಪ್ಸ್, ವಿದ್ಯುತ್ ಕಾಲಂ ಖಾಲಿ. ಪಟ್ಟಿ ಸ್ವಯಂಪ್ರೇರಿತ, ಯಾರನ್ನೂ ಬಲವಂತ ಮಾಡುವಂತಿಲ್ಲ. ಬಲವಂತ ಮಾಡಬಹುದಾದದ್ದು ಕಾನೂನು. ಯುರೋಪಿಯನ್ ಒಕ್ಕೂಟ 500 ಕಿಲೋವ್ಯಾಟ್ ಮತ್ತು ಅದಕ್ಕಿಂತ ದೊಡ್ಡ ಡೇಟಾ ಸೆಂಟರ್‌ಗಳು ವಿದ್ಯುತ್, ನೀರು ಎರಡರ ವಾರ್ಷಿಕ ಲೆಕ್ಕ ಕೊಡಬೇಕೆಂದು ನಿಯಮ ಮಾಡಿದೆ. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಅಂದಾಜಿನಂತೆ 2024ರಲ್ಲಿ ಡೇಟಾ ಸೆಂಟರ್‌ಗಳು ಜಗತ್ತಿನ ವಿದ್ಯುತ್ತಿನ ಸುಮಾರು ಶೇ. 1.5ರಷ್ಟನ್ನು ಬಳಸಿದವು, 2030ಕ್ಕೆ ಅವು ಬಳಸುವ ವಿದ್ಯುತ್ ದುಪ್ಪಟ್ಟಿಗಿಂತ ಹೆಚ್ಚಾಗಲಿದೆ.

ನಮ್ಮಲ್ಲಿ? ರಾಷ್ಟ್ರೀಯ ಸೂಪರ್‌ಕಂಪ್ಯೂಟಿಂಗ್ ಮಿಷನ್ 2015ರಲ್ಲಿ 4,500 ಕೋಟಿ ರೂಪಾಯಿಯೊಂದಿಗೆ ಶುರುವಾಯಿತು. ಅದನ್ನು ಜಾರಿ ಮಾಡುವ ಎರಡು ಸಂಸ್ಥೆಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದು. ಅಲ್ಲಿಗೆ 2022ರಲ್ಲಿ 3.3 ಪೆಟಾಫ್ಲಾಪ್ಸ್‌ನ 'ಪರಮ್ ಪ್ರವೇಗ' ಬಂತು. 2024ರ ಸೆಪ್ಟೆಂಬರ್‌ನಲ್ಲಿ ಹವಾಮಾನದ ಕೆಲಸಕ್ಕೆ 850 ಕೋಟಿಯ 'ಅರ್ಕ' ಮತ್ತು 'ಅರುಣಿಕ' ಉದ್ಘಾಟನೆಯಾದವು. ಇವು ಬೇಕು. ಮಳೆ ಯಾವಾಗ ಎಂದು ಮೊದಲೇ ತಿಳಿದರೆ ರೈತರಿಗೆ ಆಗುವ ಲಾಭ ಯಾವ ಫ್ಲಾಪ್ಸ್‌ಗಿಂತಲೂ ದೊಡ್ಡದು. ಆದರೆ ಉದ್ಘಾಟನೆಯ ಸುದ್ದಿಗಳಲ್ಲಿ ನಾವು ಓದುವುದು ಪೆಟಾಫ್ಲಾಪ್ಸ್ ಮತ್ತು ಕೋಟಿ ರೂಪಾಯಿ. ಮೆಗಾವ್ಯಾಟ್ ಎಷ್ಟು, ಪಿಯುಇ ಎಷ್ಟು ಅಂತ ಕೇಳುವ ರೂಢಿ ಪತ್ರಕರ್ತರಾದ ನಮ್ಮಲ್ಲೂ ಬೆಳೆದಿಲ್ಲ.

ಇತ್ತ ಕರ್ನಾಟಕಕ್ಕೆ 2022–27ರ ಡೇಟಾ ಸೆಂಟರ್ ನೀತಿ ಇದೆ. ಖಾಸಗಿ ಹೂಡಿಕೆ ಕರೆಯಲು ರಿಯಾಯಿತಿಗಳಿವೆ. 2024ರ ಬೇಸಿಗೆಯಲ್ಲಿ ಟ್ಯಾಂಕರ್ ನೀರಿಗೆ ಕಾದು ನಿಂತ ಬೆಂಗಳೂರಿನಲ್ಲಿ, ಬಿಸಿ ಇಳಿಸಲು ನೀರು ಆವಿ ಮಾಡುವ ಕಟ್ಟಡಗಳು ಎಷ್ಟು ಲೀಟರ್ ಬಳಸುತ್ತವೆ ಎಂದು ಕೇಳುವುದು ಅಭಿವೃದ್ಧಿ ವಿರೋಧ ಆಗಲಾರದು. ಗೃಹಜ್ಯೋತಿಯಲ್ಲಿ ಒಂದು ಬಡ ಮನೆಯ ಕರೆಂಟನ್ನು ತಿಂಗಳಿಗೆ 200 ಯೂನಿಟ್ ಮಿತಿ ಹಾಕಿ, ಹಿಂದಿನ ವರ್ಷದ ಸರಾಸರಿ ನೋಡಿ, ಒಂದೊಂದು ಯೂನಿಟ್ ಲೆಕ್ಕ ಹಾಕಿ ಕೊಡ್ತೀವಿ. 21 ಮೆಗಾವ್ಯಾಟ್‌ನ ಕೇಂದ್ರವೊಂದು ತಿಂಗಳಿಡೀ ಅದೇ ಹೊರೆಯಲ್ಲಿ ಓಡಿದರೆ ಅಂಥ 75,000 ಮನೆಗಳ ಪೂರ್ತಿ ಮಿತಿಯಷ್ಟು ಆಗುತ್ತದೆ. ಮನೆಗೆ ಇರುವ ಬಿಗಿ ಮೀಟರ್ ಅದಕ್ಕೂ ಇರಲಿ, ಲೆಕ್ಕ ನಮಗೂ ಕಾಣಲಿ ಅನ್ನೋದು ತುಂಬ ಚಿಕ್ಕ ಬೇಡಿಕೆ.

ಹಾಗಾಗಿ ಇನ್ನು ಮುಂದೆ ಯಾವುದೇ 'ಹಸಿರು' ಯಂತ್ರ, 'ಹಸಿರು' ಡೇಟಾ ಸೆಂಟರ್‌ನ ಸಂಖ್ಯೆ ಮುಂದೆ ಬಂದಾಗ ಐದು ಪ್ರಶ್ನೆ ಕೇಳಿ. ಮೀಟರ್ ಎಲ್ಲಿತ್ತು, ಚಿಪ್ ಹತ್ತಿರವೋ ಗೋಡೆ ಹತ್ತಿರವೋ ಕಟ್ಟಡದ ಗೇಟಿನಲ್ಲೋ? ಎಷ್ಟು ಹೊತ್ತು ಅಳೆದರು? ಪೂರ್ತಿ ಯಂತ್ರವೋ ಆರಿಸಿದ ತುಣುಕೋ? ಆಗ ಯಂತ್ರ ಮಾಡುತ್ತಿದ್ದದ್ದು ಯಾವ ಕೆಲಸ? ಮತ್ತು ಒಟ್ಟು ಎಷ್ಟು? ಮೊದಲ ನಾಲ್ಕಕ್ಕೆ ಉತ್ತರ ಕೊಡುವುದು ಎಂಜಿನಿಯರ್‌ಗಳ ಕೆಲಸ, ಅವರು ದಾರಿಯನ್ನೂ ತೋರಿಸಿದ್ದಾರೆ. ಐದನೆಯದು ಹಾಗಲ್ಲ. ಒಂದು ಊರಿನ ಕರೆಂಟ್ ಮತ್ತು ನೀರಿನಲ್ಲಿ ಯಂತ್ರಕ್ಕೆಷ್ಟು, ಮನುಷ್ಯರಿಗೆಷ್ಟು ಅಂತ ತೀರ್ಮಾನಿಸುವುದು ವಿಧಾನಸೌಧದಲ್ಲಿ ಆಗಬೇಕಾದ ಚರ್ಚೆ. ಆ ಚರ್ಚೆಗೆ ಕೂರುವ ಮೊದಲು ಮೀಟರ್ ರೀಡಿಂಗ್ ಮೇಜಿನ ಮೇಲಿರಬೇಕು.